ನಡುಗೋಡೆಯ ಗಿಲಾವು

"ಇಳಿ ಮುತ್ತು, ಕೆಳಗ ಇಳಿ," ಎಂದ ಪರಮೇಶ. ದನಿ ಏರಿಸಲಿಲ್ಲ. ಸ್ಕೂಟರಿಗೆ ಸ್ಟ್ಯಾಂಡು ಹಾಕಿ, ಹೆಲ್ಮೆಟ್ಟನ್ನು ಹಿಂದೆ ಕೂತಿದ್ದ ಹೆಂಡತಿಯ ಕೈಗೆ ಕೊಟ್ಟು, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು ಆಮೇಲೆ ಆಡಿದ ಮಾತು ಅದು.

ಮುತ್ತು ಏಣಿಯ ಮೇಲಿದ್ದ. ಸುಣ್ಣದ ಗಾರೆಯ ಬುಟ್ಟಿ ಅವನ ಮೊಣಕೈಗೆ ನೇತಾಡುತ್ತಿತ್ತು. ಕೆಳಗೆ ಗೌಂಡಿ ಜಾಕೀರ ಸುಣ್ಣ ಮರಳು ಕಲಸುತ್ತ ಬಗ್ಗಿದವನು ಹಾಗೆಯೇ ಉಳಿದ.

"ಯಾಕಣ್ಣ?"

"ಏಣಿ ಕಾಲು ಎಲ್ಲೈತಿ ನೋಡು."

ಮುತ್ತು ನೋಡಿದ. ಏಣಿಯ ಕಾಲು ಅಣ್ಣನ ಜಾಗದಲ್ಲಿತ್ತು. ಬೇರೆಲ್ಲೂ ಇಡುವಂತಿರಲಿಲ್ಲ. ಗೋಡೆ ಮುತ್ತುವಿನದು, ಗೋಡೆಯ ಆಚೆಗಿನ ಖಾಲಿ ನೆಲ ಪರಮೇಶನದು.

"ಮಿರಗದ ಮಳಿ ಕೂಡೂದ್ರಾಗ ಒಂದ ಕೈ ಗಿಲಾವ್ ಆಗಿಬಿಟ್ರ ಸಾಕಣ್ಣ. ಸಂಜಿಕ್ಕ ಏಣಿ ತಗದಬಿಡ್ತೇನಿ."

"ಗ್ವಾಡಿ ನಿಂದು. ಯಾರು ಅಲ್ಲ ಅಂದ್ರು? ನಿನ್ನ ಗ್ವಾಡೀನ ನಿನ್ನ ಜಾಗಾದಾಗ ನಿಂತು ಗಿಲಾವ್ ಮಾಡಸು."

"ಒಳಗ ನಿಂತು ಹೊರಗಿನ ಮೈಗೆ ಹೆಂಗ ಹಚ್ಚಲಿ?"

"ಅದು ನನಗೇನ ಗೊತ್ತು?"

ಎದುರಿನ ಹಿಟ್ಟಿನ ಗಿರಣಿಯ ಸೋಮಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮೈಯೆಲ್ಲ ಹಿಟ್ಟು. "ಹಂಚು ಸರಿಸಿ ಮ್ಯಾಲಿಂದ ಕೈ ಇಳಿಬಿಡಲೇ ಮುತ್ತು, ಅಷ್ಟುದ್ದ ಕೈ ಇದ್ರ," ಎಂದು ನಕ್ಕ. ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತ ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ಕರು. ಮುತ್ತು ಏಣಿ ಇಳಿದ.

ಆಗ ಮುತ್ತುವಿನ ಹೆಂಡತಿ ಜಯಾ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಳು. ಗಂಡನಿಗಲ್ಲ, ಬಿಸಿಲಲ್ಲಿ ಬಂದ ಭಾವನಿಗೆ. ಪರಮೇಶ ಕುಡಿದು, ತಂಬಿಗೆ ಹಿಂದಕ್ಕೆ ಕೊಟ್ಟು, "ಅವ್ವ ಉಂಡಳೇನು?" ಎಂದು ಕೇಳಿದ. ಜಾಕೀರನಿಗೆ, "ನೆರಳಾಗ ಕುಂಡ್ರೋ ಮಾರಾಯ, ತಲಿ ಸುಡತೈತಿ," ಎಂದ. ಜಾಕೀರ ಕಲಸಿದ ಗಾರೆಯ ಮೇಲೆ ಹಸಿ ಗೋಣಿತಾಟು ಹೊದಿಸಿ ಎದ್ದ. ದುರ್ಗದಬೈಲಿನಲ್ಲಿ ಪರಮೇಶನ ಬಣ್ಣ ಸಿಮೆಂಟಿನ ಅಂಗಡಿ ಇತ್ತು. ಗಿರಾಕಿಗಳಿಗೆ ಗೌಂಡಿಯ ಹೆಸರು ಹೇಳುವವನು ಅವನೇ. ಅವನ ಮಾತು ಮೀರಿದರೆ ಜಾಕೀರನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಹುಟ್ಟುತ್ತಿರಲಿಲ್ಲ.

ಪರಮೇಶನ ಹೆಂಡತಿ ದುರ್ಗಾ ಹೆಲ್ಮೆಟ್ ಹಿಡಿದುಕೊಂಡು ಗೋಡೆಯನ್ನು ನೋಡುತ್ತ ನಿಂತಿದ್ದಳು. ಅದು ಅವಳ ಕೋಣೆಯ ಗೋಡೆ. ಮದುವೆಯಾಗಿ ಬಂದ ಮೇಲೆ ಅವಳು ಮಲಗಿ ಎದ್ದದ್ದು ಆ ಗೋಡೆಯ ಪಕ್ಕದಲ್ಲಿ. ಅವಳು ಕುಂಕುಮದ ಭರಣಿ ಇಡುತ್ತಿದ್ದ ಮಾಡ, ಗಂಡ ಅಂಗಿ ತೂಗುಹಾಕುತ್ತಿದ್ದ ಗೂಟ, ಅವಳೇ ಆರಿಸಿದ ತಿಳಿಹಸಿರು ಬಣ್ಣ, ಎಲ್ಲವೂ ಈಗ ಬೀದಿಗೆ ಮುಖ ಮಾಡಿದ್ದವು. ಮಾಡದಲ್ಲಿ ಯಾರೋ ಗುಟ್ಕಾ ಚೀಟಿ ತುರುಕಿದ್ದರು.

ಮಾವ ಮೈಲಾರಲಿಂಗಪ್ಪ ತೀರಿಕೊಂಡ ಮೇಲೆ ಮನೆಯನ್ನು ನಡುವೆ ದಾರ ಹಿಡಿದು ಎರಡು ಪಾಲು ಮಾಡಿದ್ದರು. ಪಡುವಣದ ಪಾಲು ದೊಡ್ಡವನಿಗೆ, ಮೂಡಣದ್ದು ಸಣ್ಣವನಿಗೆ. ನಡುಗೋಡೆ ಸಣ್ಣವನ ಲೆಕ್ಕಕ್ಕೆ. ಪರಮೇಶ ಗೋಪನಕೊಪ್ಪದಲ್ಲಿ ಹೊಸ ಮನೆ ಕಟ್ಟಿಸಿ, ಇಲ್ಲಿಯ ತನ್ನ ಪಾಲನ್ನು ಬಿಚ್ಚಿಸಿ ಹಾಕಿದ. ಅಂಗಡಿಗಳ ಸಾಲು ಎಬ್ಬಿಸುವುದಿತ್ತು. ಆದರೆ ಒಂದೇ ಪಾಲಿನ ಅಗಲ ಅಂಗಡಿಗೆ ಸಾಲುವಂತಿರಲಿಲ್ಲ. ಎರಡೂ ಕೂಡಿದರೆ ಆಗುತ್ತಿತ್ತು. ಮುತ್ತು ಕೊಡಲು ಒಪ್ಪಲಿಲ್ಲ. ಅವನು ತಾರಿಹಾಳದ ಒಂದು ಲೇಥ್ ವರ್ಕ್‌ಶಾಪಿನಲ್ಲಿ ದುಡಿಯುವವನು. ಜಯಾ ಮನೆಯಲ್ಲೇ ಸೀರೆಗೆ ಫಾಲ್ ಹಚ್ಚುವುದು, ಜಂಪರ ಹೊಲಿಯುವುದು ಮಾಡುತ್ತಿದ್ದಳು. ಆ ಓಣಿ ಬಿಟ್ಟರೆ ಅವಳ ಗಿರಾಕಿಗಳೂ ಹೋದರು. ಅತ್ತೆ ಹೊಳೆವ್ವನಂತೂ ಈ ಹೊಸ್ತಿಲು ದಾಟುವುದಿಲ್ಲ ಎಂದು ಕೂತಿದ್ದಳು.

ಹೀಗಾಗಿ ಒಳಗಿನ ಮಣ್ಣಿನ ಗೋಡೆ, ಎಂದೂ ಮಳೆ ಕಾಣದ್ದು, ಪಡುವಣದ ಗಾಳಿಮಳೆಗೆ ಬರಿಮೈಯಲ್ಲಿ ನಿಂತಿತು. ಮೊದಲ ವರ್ಷ ಮುತ್ತು ಮೇಲಿನಿಂದ ತಾಡಪತ್ರಿ ಇಳಿಬಿಟ್ಟಿದ್ದ. ಗಾಳಿ ಅದನ್ನು ಹರಿದು ಗಿರಣಿಯ ತಗಡಿನ ಮೇಲೆ ಒಯ್ದು ಹಾಕಿತ್ತು.

ಅಂದು ಸಂಜೆ ಗಂಡನಿಗೆ ರೊಟ್ಟಿ ಬಡಿಸುತ್ತ ದುರ್ಗಾ ಬಾಯಿ ತೆರೆದಳು.

"ಅದು ಒಳಗಿನ ಗ್ವಾಡಿ ರೀ. ಈ ಸಲದ ಮಳಿ ತಡೀದಿಲ್ಲ."

"ಹೂಂ."

"ಅತ್ತಿ ಅದರ ಮಗ್ಗಲದಾಗ ಮಲಗತಾರ."

"ಅವ್ವನ್ನ ಇಲ್ಲಿ ಬಾ ಅಂದೇನಿ. ಬರಂಗಿಲ್ಲಂತಾಳ."

"ಏಣಿ ಇಡಾಕ ಒಂದ ದಿವಸ ಜಾಗಾ ಕೊಟ್ರ ನಿಮ್ಮದೇನ ಹೋಗತೈತಿ? ನಾ ಎಂದೂ ಏನೂ ಕೇಳಿಲ್ಲ. ಇದೊಂದು ಕೇಳ್ತೇನಿ."

ಪರಮೇಶ ಬದನೆಕಾಯಿಯ ತೊಟ್ಟು ಚೀಪಿ ತಾಟಿನ ಅಂಚಿಗಿಟ್ಟ. ಬೆಳಿಗ್ಗೆ ಅವಳು ರಂಗೋಲಿ ಹಾಕುವಾಗ ಅವನು ವರಾಂಡದಲ್ಲಿ ಸ್ಟೂಲಿನ ಮೇಲೆ ನಿಂತು ಗುಬ್ಬಿಗಳಿಗೆಂದು ಜೋಳದ ತೆನೆ ಕಟ್ಟುತ್ತಿದ್ದ. ಪ್ರತಿ ಬೇಸಿಗೆಯಲ್ಲೂ ಕಟ್ಟುತ್ತಿದ್ದ, ಯಾರೂ ಹೇಳದೆ. ದಾರದ ಗಂಟನ್ನು ಹಲ್ಲಿನಿಂದ ಬಿಗಿಯುತ್ತ ಹೇಳಿದ: "ಏಣಿ ಅಷ್ಟ ಯಾಕ? ನಾನ ಮಾಡಿಸಿ ಕೊಡ್ತೇನಿ. ಸಿಮೆಂಟ್ ಗಿಲಾವ್, ಮ್ಯಾಲ ವಾಟರ್‌ಪ್ರೂಫ್ ಬಣ್ಣ. ಸಾಮಾನು ನಂದು, ಜಾಕೀರನ ಪಗಾರ ನಂದು. ಹೋಗಿ ಹೇಳು."

ರಂಗೋಲಿ ಹಿಟ್ಟು ದುರ್ಗಾಳ ಬೆರಳ ಸಂದಿಯಿಂದ ಉದುರಿ ಒಂದು ಕಡೆ ಗುಪ್ಪೆಯಾಯಿತು. ಅದನ್ನು ಅವಳು ಸರಿಮಾಡಲಿಲ್ಲ. ಹತ್ತು ಗಂಟೆಗೆಲ್ಲ ಮಾವಿನಕಾಯಿ ಉಪ್ಪಿನಕಾಯಿಯ ಡಬ್ಬಿ ಹಿಡಿದು ಹಳೆ ಮನೆಯಲ್ಲಿದ್ದಳು.

ಜಯಾ ಹೊಲಿಗೆ ಮಶೀನಿನ ಮುಂದಿನಿಂದ ಎದ್ದು ಅವಳ ಎರಡೂ ಕೈ ಹಿಡಿದಳು. ಮುತ್ತು ಮಾತ್ರ ನೆಲ ನೋಡುತ್ತ ಕೂತ.

"ಅಣ್ಣಗ ಒಮ್ಮಿಂದೊಮ್ಮೆ ಇಷ್ಟು ಪ್ರೀತಿ ಯಾಕ ಬಂತು ವೈನಿ?"

"ನಾ ಕೇಳಕೊಂಡೆ. ಒಪ್ಪಿದ್ರು."

"ಅಪ್ಪ ಇರೂತನಕ ಈ ಮನಿಗೆ ಸುಣ್ಣ ಬಿಟ್ಟು ಬ್ಯಾರೆ ಹಚ್ಚಲಿಲ್ಲ. ಮಣ್ಣಿನ ಗ್ವಾಡಿಗೆ ಸಿಮೆಂಟ್ ಅಂದ್ರ ನನಗ ಯಾಕೋ..."

"ಊರ ತುಂಬ ಅದನ್ನ ಹಚ್ಚಾಕತ್ತಾರಲ್ಲೋ. ನಿಮ್ಮಣ್ಣ ದಿನಾ ಅದರಾಗ ಇರಾವ್ರು, ಅವರಿಗೆ ತಿಳಿದಿಲ್ಲೇನು? ನನ್ನ ಮಾತಿನ ಮ್ಯಾಲ ನಂಬಿಕಿ ಇಡು."

"ಅಕ್ಕಾ ಹೇಳಿದ ಮ್ಯಾಲ ಮುಗೀತು ಬಿಡ್ರಿ," ಎಂದಳು ಜಯಾ ಗಂಡನಿಗೆ.

ಆದರೂ ಮುತ್ತು ಒಪ್ಪುತ್ತಿರಲಿಲ್ಲವೇನೋ. ಮೂಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಹೊಳೆವ್ವ ಮುಖ ಎತ್ತಿದಳು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ವರ್ಷ ಮಳೆಗೆ ಮುಂಚೆ ಹೊರಗೋಡೆಗೆ ಸುಣ್ಣದ ಗಾರೆ ಬಳಿಯುವಾಗ ಮೊದಲ ಹಿಡಿಯನ್ನು ಹಿರಿಯ ಮಗನೇ ಹಚ್ಚಬೇಕು, ಆಮೇಲೆ ಗೌಂಡಿ. ಮೈಲಾರಲಿಂಗಪ್ಪ ಪುಟ್ಟ ಪರಮೇಶನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಚ್ಚಿಸುತ್ತಿದ್ದನಂತೆ. ಪಾಲಾದ ಮೇಲೆ ಅದು ನಿಂತಿತ್ತು.

"ಅವನ ಕೈಲೆ ಮೊದಲ ಹಿಡಿ ಬೀಳತೈತಿ ಅಂದ್ರ ಬ್ಯಾಡ ಅನಬಾರದು," ಎಂದಳು ಮುದುಕಿ. "ಹಿರೇಮಗ ತಾನಾಗಿ ಬರ್ತೇನಿ ಅಂದಾಗ ಬಾಗಲಾ ಹಾಕ್ತಿಯೇನ? ಬರ್ಲಿ ಅನ್ನು."

ಪರಮೇಶ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಿಚಿ, ಚಪ್ಪಲಿ ಬಿಟ್ಟು, ಸಿಮೆಂಟಿನ ಹಿಡಿಯನ್ನು ಹಳೆಯ ಹಸಿರು ಬಣ್ಣದ ಮೇಲೆ ಒತ್ತಿ ಅಂಗೈಯಿಂದ ಸವರಿದ. ಹೊಳೆವ್ವ ಹೊಸ್ತಿಲಲ್ಲೇ ನಿಂತು ಕಾಯಿ ಒಡೆಸಿದಳು. ದುರ್ಗಾ ಎಲ್ಲರಿಗೂ ನಿಂಬೆ ಶರಬತ್ತು ಕೊಡುತ್ತಿದ್ದಳು. ಜಾಕೀರನ ಲೋಟ ತುಂಬುವಾಗ ಅವನು ಮೇಲೆ ಬೆರಳು ತೋರಿಸಿ ಪರಮೇಶನನ್ನು ಕೇಳುತ್ತಿದ್ದ:

"ಸಾಹುಕಾರ್ರ, ನಿಮ್ಮ ಪಾಲಿನ ತೊಲಿ ಕಿತ್ತಲ್ಲೆ ತೂತು ಹಂಗ ಅದಾವು. ಗ್ವಾಡಿ ನೆತ್ತೀನೂ ಬಿಚ್ಚೈತಿ. ಅದನ್ನೂ ಮುಚ್ಚಿಬಿಡೂಣೇನ್ರಿ?"

"ಅದು ಆಮ್ಯಾಲ. ಮೊದಲ ಮೈ ಮುಗಸು."

"ಮ್ಯಾಲಿಂದ ನೀರು..."

"ಆಮ್ಯಾಲ ಅಂದೆನಲ್ಲ ಜಾಕೀರ. ಶರಬತ್ತ ಕುಡಿ."

ಜಾಕೀರ ಕುಡಿದ. ದುರ್ಗಾ ಅವನಿಗೆ ಇನ್ನರ್ಧ ಲೋಟ ಹಾಕಿದಳು. ಮಾತು ಕಿವಿಗೆ ಬಿದ್ದಿತ್ತು. ಶರಬತ್ತಿಗೆ ಸಕ್ಕರೆ ಸಾಕೋ ಇಲ್ಲವೋ ಎಂಬ ಯೋಚನೆಯಲ್ಲಿ ಅದು ಹಾಗೆಯೇ ಹೋಯಿತು.

ಮಾಡ ಮುಚ್ಚಿತು, ಗೂಟ ಮುಚ್ಚಿತು. ಕೆನೆಬಣ್ಣ ಬಳಿದ ಗೋಡೆ ನುಣ್ಣಗೆ, ಅಂಗೈಗೆ ತಂಪಾಗಿ, ಹೊಸ ಮನೆಯದ್ದರ ಹಾಗೆ ನಿಂತಿತು. ಓಣಿಯವರು ಬಂದು ಮುಟ್ಟಿ ನೋಡಿ ಹೋದರು. "ಪಾಲಾದ ಮ್ಯಾಲೂ ತಮ್ಮನ ಗ್ವಾಡಿಗೆ ಕೈ ಹಚ್ಚಿದ ಅಂದ್ರ, ಅಣ್ಣ ಅಂದ್ರ ಹಿಂಗಿರಬೇಕ್ರಿ," ಎಂದ ಸೋಮಪ್ಪ. ಮರುವಾರ ಪರಮೇಶ ತನ್ನ ಜಾಗದ ಸುತ್ತ ತಗಡಿನ ಬೇಲಿ ಹಾಕಿಸಿ ಗೇಟಿಗೆ ಕೀಲಿ ಜಡಿದ. ಹಂದಿಗಳು ನುಗ್ಗುತ್ತವೆ ಎಂದ. ನುಗ್ಗುತ್ತಿದ್ದದ್ದೂ ನಿಜವೇ. ಗೋಡೆಯ ನೆತ್ತಿಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಆ ವರ್ಷ ಮಳೆ ಜೋರಾಗಿಯೇ ಹಿಡಿಯಿತು. ದುರ್ಗಾ ರಾತ್ರಿ ಗಾಳಿಯ ಸದ್ದು ಕೇಳಿದಾಗಲೆಲ್ಲ ಆ ಕೆನೆಬಣ್ಣದ ಗೋಡೆಯನ್ನು ನೆನೆದು ನೆಮ್ಮದಿಯಿಂದ ಮಗ್ಗಲು ಬದಲಿಸುತ್ತಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ ಅವಳು ಗಂಡನ ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದಳು. ಕೊಡೆ ಮಡಿಚಿ, ಒಳಗಿನ ಸ್ಟೂಲಿನ ಮೇಲೆ ಕೂತು ಡಬ್ಬಿಯ ಮುಚ್ಚಳ ಬಿಚ್ಚುತ್ತಿದ್ದಳು. ಒಬ್ಬ ಮುದುಕ ಗಿರಾಕಿ ಬಂದ. ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಮಡಿಚಿ ಹಾಕಿಕೊಂಡಿದ್ದ. ಹೆಸರು ಗುರುಶಿದ್ದಪ್ಪ ಅಂತ, ಅಂಗಡಿಗೆ ಹಳಬ.

"ಗ್ವಾಡಿಗೆ ಹಚ್ಚೂ ಸಿಮೆಂಟ್ ಕೊಡಪಾ ಪರಮೇಶ. ಮ್ಯಾಲ ಬಳಿಯೂ ವಾಟರ್‌ಪ್ರೂಫೂ ಕೊಡು. ಮಳಿ ಬಿಟ್ಟ ಕೂಡ್ಲೆ ಹಚ್ಚಿಸಿಬಿಡ್ತೇನಿ."

"ಯಾವ ಗ್ವಾಡಿ ಕಾಕಾ? ಇಟ್ಟಂಗೀದೋ, ಮಣ್ಣಿಂದೋ?"

"ನಮ್ಮಪ್ಪ ಕಟ್ಟಿಸಿದ್ದು. ಮಣ್ಣಿಂದು."

"ಹಂಗಾದ್ರ ಬ್ಯಾಡ್ರಿ," ಎಂದ ಪರಮೇಶ. ಮುದುಕನಿಗೆ ಕೂರಲು ತನ್ನ ಖುರ್ಚಿಯನ್ನೇ ಸರಿಸಿಕೊಟ್ಟ. "ಮಣ್ಣಿನ ಗ್ವಾಡಿ ಉಸುರಾಡಬೇಕು ಕಾಕಾ. ಸಿಮೆಂಟ್ ಹಚ್ಚಿ ಬಾಯಿ ಮುಚ್ಚಿದ್ರ ಒಳಗ ಇಳಿದ ನೀರು ಹೊರಗ ಬರಂಗಿಲ್ಲ. ಹೊರಗ ನೋಡಾಕ ನೀಟ ಇರತೈತಿ, ಒಳಗ ಅಂಬಲಿ ಆಗಿರತೈತಿ. ಒಂದ ಮಳಿಗಾಲ, ಭಾಳಂದ್ರ ಎರಡು. ಕುಂತಬಿಡತೈತಿ. ಸುಣ್ಣ ಒಯ್ರಿ. ಮೊದಲ ಗ್ವಾಡಿ ನೆತ್ತಿ ಮ್ಯಾಲ ಹಂಚು ಹೊಚ್ಚಸ್ರಿ, ಮ್ಯಾಲಿಂದ ಹನಿ ನೀರು ಇಳೀಬಾರದು."

"ನಿನಗ ಯಾಪಾರ ಬ್ಯಾಡೇನ?"

"ಯಾಪಾರಕ್ಕ ನಿಮ್ಮ ಮನಿ ಕೆಡವಲೇನ್ರಿ?"

ಗುರುಶಿದ್ದಪ್ಪ ಸುಣ್ಣಕ್ಕೆ ಹೇಳಿ, ಹೊರಡುವಾಗ ದುರ್ಗಾಳಿಗೆ ಕೈಮುಗಿದ. "ಛಲೋ ಮನಷ್ಯಾ ಸಿಕ್ಕಾನವಾ ನಿನಗ," ಎಂದ.

ಡಬ್ಬಿಯ ಮುಚ್ಚಳ ದುರ್ಗಾಳ ಕೈಯಲ್ಲೇ ಇತ್ತು. ಪರಮೇಶ ತಿರುಗಿ ಅವಳನ್ನು ನೋಡಿದ. ಅವಳು ಕೇಳಿಸಿಕೊಂಡಳೆಂದು ಅವನಿಗೆ ತಿಳಿಯಿತು. ಕೈ ತೊಳೆದು ಬಂದು ಕೂತು, "ಪಲ್ಯಾ ಏನು?" ಎಂದ.

ಖಾಲಿ ಡಬ್ಬಿ ಹಿಡಿದು ಅವಳು ಮನೆಗೆ ಬಂದಳು. ಸಂಜೆ ಅವನು ಬಂದು ಕಾಲು ತೊಳೆದ ಮೇಲೆ ಕೇಳಿದಳು.

"ನಿಮಗ ಗೊತ್ತಿತ್ತು."

"ಏನು?"

"ಆ ಕಾಕಾಗ ಹೇಳಿದ್ದು."

"ನೀ ಕೇಳಕೊಂಡಿ. ನಾ ಮಾಡಿಸಿ ಕೊಟ್ಟೆ," ಎಂದ ಪರಮೇಶ, ಟವೆಲನ್ನು ಬಾಗಿಲ ಮೇಲೆ ಹರವುತ್ತ. "ಏಣಿಗೆ ಜಾಗಾ ಕೊಡ್ರಿ ಅಂದಿ. ನಾ ಸಾಮಾನೂ ಕೊಟ್ಟೆ, ಆಳೂ ಕೊಟ್ಟೆ. ಮೊದಲ ಹಿಡಿ ಕೈಲೆ ಹಚ್ಚಿದೆ. ಊರು ನೋಡೈತಿ."

"ಅತ್ತಿ ಒಳಗದಾರ ರೀ. ಗ್ವಾಡಿ ಅವರ ಮ್ಯಾಲ..."

"ಮಣ್ಣಿನ ಗ್ವಾಡಿ ದಡಲ್ ಅಂತ ಬೀಳಂಗಿಲ್ಲ. ಮೊದಲ ಉಬ್ಬಿ ಹೊಟ್ಟಿ ಬಿಡತೈತಿ. ಅದನ್ನ ನೋಡಿ ಅವರ ಹೊರಗ ಬರ್ತಾರ. ಬಂದ ಮ್ಯಾಲ ಕೂತು ಮಾತಾಡೂಣು. ಗೋಪನಕೊಪ್ಪದಾಗ ಭಾಡಗಿ ಮನಿ ನಾನ ಹಿಡಿದು ಕೊಡ್ತೇನಿ. ಅವರನ್ನ ಬೀದಿಗೆ ಹಾಕಾಂವ ಅಲ್ಲ ನಾ."

ಅವನು ಅದನ್ನು ನಂಬಿ ಹೇಳುತ್ತಿದ್ದ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಇಷ್ಟು ವರ್ಷ ಅವಳು ಈ ಮನುಷ್ಯನ ಸಣ್ಣ ಸಣ್ಣ ಒಳ್ಳೆಯತನಗಳನ್ನು ಒಂದೊಂದಾಗಿ ಕಂಡು ಇಟ್ಟುಕೊಂಡಿದ್ದಳು: ಅವಳ ತವರಿನವರು ಬಂದರೆ ತಾನೇ ಹಣ್ಣು ಹೆಚ್ಚಿ ಕೊಡುವುದು, ಬಸ್ಸು ತಪ್ಪಿದವರನ್ನು ಸ್ಕೂಟರಿನಲ್ಲಿ ಬಿಟ್ಟು ಬರುವುದು. ಅವುಗಳಲ್ಲಿ ಯಾವುದೂ ಸುಳ್ಳಾಗಿರಲಿಲ್ಲ.

ಬೆಳಿಗ್ಗೆ ಪರಮೇಶ ಬೂಟು ಹಾಕಿಕೊಳ್ಳುತ್ತ ಹೇಳಿದ: "ಬೆಳಗಾವಿಗೆ ಹೊಂಟೇನಿ. ಕಂಪನಿಯವ್ರ ಮೀಟಿಂಗ್ ಐತಿ. ಬರೂದು ಸಂಜಿ ಆಗತೈತಿ." ಬಾಗಿಲ ತನಕ ಹೋದವನು ನಿಂತು, "ಕೀಲಿ ಎಲ್ಲಾ ಮೊಳಿಗೇ ಅದಾವು," ಎಂದ. ದಿನವೂ ಹೇಳುವ ಮಾತಾಗಿರಲಿಲ್ಲ ಅದು. ಅವಳಿಗೆ ಹಾಗೆ ಅನ್ನಿಸಿದ್ದು ಆಮೇಲೆ.

ತಗಡಿನ ಬೇಲಿಯ ಗೇಟಿನ ಕೀಲಿಯನ್ನು ಮೊಳೆಯಿಂದ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡು ಅವಳು ಆಟೋ ಹತ್ತಿದಳು. ಮಳೆ ಜಿನುಗುತ್ತಿತ್ತು.

ಹಳೆ ಮನೆಯೊಳಗೆ ಕಾಲಿಟ್ಟ ಕೂಡಲೇ ವಾಸನೆ ಬಡಿಯಿತು, ಬಹಳ ದಿನ ಮುಚ್ಚಿಟ್ಟ ಹಸಿ ಬಟ್ಟೆಯದು. ಹೊಲಿಗೆ ಮಶೀನು ನಡುಮನೆಯ ಮಧ್ಯಕ್ಕೆ ಬಂದಿತ್ತು. ಹೊಳೆವ್ವನ ಹಾಸಿಗೆ ಬಾಗಿಲ ಹತ್ತಿರ ಇತ್ತು. ನಡುಗೋಡೆಯ ಒಳಮೈ ನೆಲದಿಂದ ಎದೆಯೆತ್ತರದವರೆಗೆ ಕಪ್ಪಾಗಿ, ಅದರ ಮೇಲೆ ಉಪ್ಪಿನ ಬಿಳಿ ಬೂಜು ಎದ್ದಿತ್ತು. ಅದರ ಬುಡದಲ್ಲಿ ಜಯಾ ಇದ್ದಿಲಿನ ಶೇಗಡಿ ಇಟ್ಟು ಮೊರದಿಂದ ಗಾಳಿ ಬೀಸುತ್ತಿದ್ದಳು. ಬೆಂಕಿಯ ಕಾವಿಗೆ ಅವಳ ಕೆನ್ನೆ ಕೆಂಪಾಗಿತ್ತು. ದುರ್ಗಾಳನ್ನು ಕಂಡು ಗಡಬಡಿಸಿ ಎದ್ದು ಗೋಡೆಗೆ ಅಡ್ಡ ನಿಂತಳು.

"ಯಾವಾಗಿಂದ ಹಿಂಗೈತಿ?"

"ಸ್ವಲ್ಪ ಹಸಿ ಅಷ್ಟ ಅಕ್ಕಾ. ಆರತೈತಿ."

"ನನಗ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ನೀವು ಬೇಡಿಕೊಂಡು ಮಾಡಿಸಿ ಕೊಟ್ರಿ. ಭಾವಾರು ಸ್ವಂತ ಕೈಲೆ ಹಚ್ಚಿದ್ರು. ಅಷ್ಟು ಛಲೋ ಗಿಲಾವ್ ಮಾಡಿಸಿ ಕೊಟ್ರೂ ನೆಟ್ಟಗ ಇಟಗೊಳ್ಳಲಿಲ್ಲ ಇವ್ರು ಅಂದಾರು ಅಂತ... ಅಡಗಿ ಮನಿ ಉಗಿ ಹಿಡಿದಿರಬೇಕು. ಈಗ ಅನ್ನಾ ಹೊರಗ ಹಿತ್ತಲದಾಗ ಮಾಡಾಕತ್ತೇನಿ."

ದುರ್ಗಾ ಗೋಡೆಗೆ ಅಂಗೈ ಇಟ್ಟಳು. ಮೃದುವಾಗಿತ್ತು. ಬೆರಳೊತ್ತಿದಲ್ಲಿ ಗುಳಿ ಬಿತ್ತು.

ಅವಳು ಎಲ್ಲವನ್ನೂ ಹೇಳಿದಳು. ಗುರುಶಿದ್ದಪ್ಪ ಬಂದದ್ದು, ಗಂಡ ಅವನಿಗೆ ಹೇಳಿದ್ದು, ಸಂಜೆ ತನಗೆ ಹೇಳಿದ್ದು. ಎರಡನೇ ಪಾಳಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದ ಮುತ್ತು ಗುಂಡಿ ಹಾಕುವುದನ್ನು ಅರ್ಧಕ್ಕೆ ಬಿಟ್ಟು ಕೇಳಿದ. ಜಯಾಳ ಕೈಯಿಂದ ಮೊರ ಜಾರಿ ಶೇಗಡಿಯ ಅಂಚಿಗೆ ತಗಲಿ ಹೊಗೆಯಾಡತೊಡಗಿತು. ಹೊಳೆವ್ವ ಮಾತ್ರ, "ಅವನ ಹೆಸರ ಹೇಳಬ್ಯಾಡ. ಅಂವ ಅಂಥಾಂವ ಅಲ್ಲ," ಎಂದು ಗೋಡೆಯ ಕಡೆಗೆ ಬೆನ್ನು ತಿರುಗಿಸಿ ಕೂತಳು.

"ಸಿಮೆಂಟ್ ಕಿತ್ತಬಿಟ್ರ ಗ್ವಾಡಿ ಆರತೈತಿ," ಎಂದಳು ದುರ್ಗಾ. "ಹೊರಗಿನ ಬಾಯಿ ಬಿಚ್ಚಬೇಕು. ಇವತ್ತ ಬಿಚ್ಚು. ಅವರು ಊರಾಗಿಲ್ಲ. ಕೀಲಿ ತಂದೇನಿ."

"ಮಳಿ ನಿಲ್ಲಲಿ ಅಕ್ಕಾ," ಎಂದಳು ಜಯಾ ಸಣ್ಣ ದನಿಯಲ್ಲಿ. "ಜಾಕೀರಣ್ಣನ್ನ ಒಂದ ಮಾತು ಕೇಳಿ..."

"ಅಂವ ಬರತಾನೇನು? ನಾಳೆ ಗೇಟ್ ತಗಿಯಾವ್ರು ಯಾರು?"

ಮುತ್ತು ಆಗಲೇ ಉಳಿಯಂಥ ಛಾಣಾ, ಸುತ್ತಿಗೆ ಹುಡುಕಿ ಕೈಗೆ ತೆಗೆದುಕೊಂಡಿದ್ದ. ದುರ್ಗಾ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಅವನ ಅಂಗೈಗೆ ಹಾಕಿದಳು. ಅತ್ತೆಯನ್ನು ತೋಳು ಹಿಡಿದು ಎಬ್ಬಿಸಿ ಮುಂದಿನ ಕಟ್ಟೆಯ ಮೇಲೆ ಕೂರಿಸಿದಳು. ತನ್ನ ಕೊಡೆ ಬಿಚ್ಚಿ ಮುದುಕಿಯ ಕೈಗೆ ಕೊಟ್ಟಳು. ಜಯಾಳೂ ಅವರ ಹಿಂದೆ ಹೊರಗೆ ಬಂದಳು.

ಕೆನೆಬಣ್ಣದ ಮೈ ಹೊರಗಿನಿಂದ ಈಗಲೂ ಹೊಸದಾಗಿಯೇ ಇತ್ತು. ಒಂದು ಬಿರುಕಿಲ್ಲ. ಮುತ್ತು ಸೊಂಟದೆತ್ತರದಲ್ಲಿ ಛಾಣಾ ಇಟ್ಟು ಬಡಿದ. ಮೊದಲ ಚಕ್ಕೆ ಬಂತು, ಅದರ ಹಿಂದೆಯೇ ಕೆಸರುನೀರು ಬಳಕ್ಕನೆ ಇಳಿಯಿತು. ಅವನಿಗೆ ಸಿಟ್ಟು ಬಂದಿತ್ತು, ಬಡಿಯುತ್ತಲೇ ಹೋದ. ಸಿಮೆಂಟು ತಟ್ಟೆ ತಟ್ಟೆಯಾಗಿ ಕಿತ್ತು ಬರುತ್ತಿತ್ತು, ಪ್ರತಿ ತಟ್ಟೆಯ ಹಿಂದೆ ಅಂಟಿಕೊಂಡು ಗೋಡೆಯ ಮಣ್ಣೂ ಬರುತ್ತಿತ್ತು. ಹಸಿರು ಬಣ್ಣದ ಒಂದು ತುಣುಕು ಕಂಡು ಮರೆಯಾಯಿತು. ಸದ್ದಿಗೆ ಸೋಮಪ್ಪ ಗಿರಣಿ ಬಂದ್ ಮಾಡಿ ಓಡಿಬಂದ. ಮೇಲೆ ನೋಡಿದವನೇ ಮುತ್ತುವಿನ ಅಂಗಿಯ ಕಾಲರಿಗೆ ಕೈ ಹಾಕಿ ಹಿಂದಕ್ಕೆ ಜಗ್ಗಿದ. ಇಬ್ಬರೂ ಕೆಸರಿನಲ್ಲಿ ಬಿದ್ದರು.

ಗೋಡೆ ಪರಮೇಶ ಹೇಳಿದಂತೆಯೇ ಬಿದ್ದಿತು. ದಡಲ್ ಎನ್ನಲಿಲ್ಲ. ಹೊಟ್ಟೆ ಬಿಟ್ಟು, ಒಂದು ಗಳಿಗೆ ಹಾಗೆ ನಿಂತು, ದಣಿದವರು ಕೂರುವ ಹಾಗೆ ಕೂತಿತು. ಅದರ ಮೇಲಿದ್ದ ತೊಲೆಗಳು ಒಂದರ ಹಿಂದೊಂದು ಜಾರಿದವು. ಹಂಚುಗಳು ಬಹಳ ಹೊತ್ತು ಬೀಳುತ್ತಲೇ ಇದ್ದವು.

ಪರಮೇಶ ಬಂದದ್ದು ಸಂಜೆಗಲ್ಲ, ಮೂರು ಗಂಟೆಗೆ. ಬೆಳಗಾವಿಯಲ್ಲಿ ಮೀಟಿಂಗಿನ ನಡುವೆ ಫೋನು ಬಂತಂತೆ. ಓಣಿ ತುಂಬ ಜನ ನೆರೆದಿದ್ದರು. ಅವನು ಮೊದಲು ಹೋದದ್ದು ತಾಯಿಯ ಹತ್ತಿರ. ಅವಳ ಕಾಲಿನ ಕೆಸರನ್ನು ತನ್ನ ಕರ್ಚೀಫಿನಿಂದ ಒರೆಸಿದ. ಅವಳ ಕೈಯಿಂದ ಕೊಡೆ ತೆಗೆದುಕೊಂಡು ಅವಳಿಗೆ ಹಿಡಿದ. ತನ್ನ ತಲೆ ತೊಯ್ಯುತ್ತಿತ್ತು.

"ನಡೀಬೇ ಯವ್ವ, ಮನಿಗೆ ಹೋಗೂಣು."

ಹೊಳೆವ್ವ ಎದ್ದು ಅವನ ಹೆಗಲು ಹಿಡಿದಳು.

ಅವನು ತಮ್ಮನ ಕಡೆ ತಿರುಗಿದ. ಮುತ್ತು ರಾಶಿಯ ಪಕ್ಕ ಕೂತಿದ್ದ, ಸುತ್ತಿಗೆ ಇನ್ನೂ ಕೈಯಲ್ಲಿತ್ತು. "ಹಚ್ಚಿಸಿ ಕೊಟ್ಟಿದ್ನಲ್ಲೋ," ಎಂದ ಪರಮೇಶ, ಎಲ್ಲರಿಗೂ ಕೇಳುವಂತೆ, ನೋವಾದವನ ದನಿಯಲ್ಲಿ. "ಛಲೋ ನಿಂತಿತ್ತು. ಈ ಮಳ್ಯಾಗ ಅದನ್ನ ಕೀಳಂತ ಯಾರು ಹೇಳಿದ್ರು ನಿನಗ?"

ಮುತ್ತು ಸುತ್ತಿಗೆಯನ್ನು ಕೆಳಗಿಟ್ಟ. ವೈನಿಯ ಕಡೆ ನೋಡಲಿಲ್ಲ. ಅವಳ ಹೆಸರು ಹೇಳದೆ ಉಳಿಸಿದ.

"ನಾ ಹೇಳಿದೆ," ಎಂದಳು ದುರ್ಗಾ. "ಕೀಲಿ ನಾನ ಕೊಟ್ಟೆ. ಸಿಮೆಂಟ್ ಹಚ್ಚಿದ್ರ ಮಣ್ಣಿನ ಗ್ವಾಡಿ ಕುಂಡ್ರತೈತಿ ಅಂತ ಇವರಿಗೆ ಗೊತ್ತಿತ್ತು. ಗೊತ್ತಿದ್ದ ಹಚ್ಚಿಸಿದ್ರು. ನಿನ್ನೆ ಅಂಗಡ್ಯಾಗ ನನ್ನ ಕಿವಿಲೆ ಕೇಳೇನಿ."

ನೆರೆದ ಜನ ನೋಡಿದ್ದು ಪರಮೇಶನನ್ನಲ್ಲ, ಅವಳನ್ನು. ಗಂಡನ ಬೆನ್ನ ಹಿಂದೆ ಕೀಲಿ ತಂದು ಕೊಟ್ಟು, ಮನೆ ಬೀಳಿಸಿ, ಈಗ ನಾಕು ಮಂದಿಯ ಮುಂದೆ ಗಂಡನ ಮೇಲೆ ಹೊರಿಸುವ ಹೆಂಗಸನ್ನು. ಪರಮೇಶ ಏನನ್ನೂ ಅಲ್ಲಗಳೆಯಲಿಲ್ಲ. ತಲೆ ತಗ್ಗಿಸಿ ತಾಯಿಯ ಮೇಲೆ ಕೊಡೆ ಸರಿಮಾಡಿದ.

"ಹೋಗ್ಲಿ ಬಿಡ್ರಿ ಅಕ್ಕಾರ," ಎಂದ ಸೋಮಪ್ಪ ಮೆತ್ತಗೆ. ಗಿರಣಿಯಿಂದ ಒಣ ಗೋಣಿತಾಟು ತರಿಸಿ ಅವಳ ಹೆಗಲಿಗೆ ಹೊದಿಸಿದ. "ಗಾಬರ್ಯಾಗೀರಿ. ಜೀವ ಉಳದಾವು, ಅಷ್ಟ ಸಾಕು."

ಪರಮೇಶ ಕರೆಸಿದ ಬಾಡಿಗೆ ಕಾರು ಬಂತು. ಹೊಳೆವ್ವನನ್ನು ಹಿಂದಿನ ಸೀಟಿಗೆ ಹತ್ತಿಸಿ, ಅವಳ ಸೀರೆಯ ಅಂಚು ಬಾಗಿಲಿಗೆ ಸಿಕ್ಕದಂತೆ ಒಳಗೆ ಮಡಿಚಿ, ಪರಮೇಶ ಹೆಂಡತಿಗಾಗಿ ಇನ್ನೊಂದು ಬಾಗಿಲು ತೆರೆದು ಹಿಡಿದ. ದುರ್ಗಾ ಹೋಗಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಬಾಗಿಲು ಹಾಕಿದ.

ಜನ ಕರಗಿದರು. ಮನೆಯ ಒಂದು ಮಗ್ಗಲು ಪೂರ್ತಿ ತೆರೆದುಕೊಂಡಿತ್ತು. ಬೀದಿಯಲ್ಲಿ ಹೋಗುವವರಿಗೆ ಅಡಿಗೆ ಮನೆಯ ಹಲಗೆ, ಅದರ ಮೇಲೆ ಸಾಲಾಗಿ ನಿಂತ ಸ್ಟೀಲಿನ ಡಬ್ಬಿಗಳು, ಹಗ್ಗದ ಮೇಲೆ ಒಣಹಾಕಿದ್ದ ಜಯಾಳ ಒಳಲಂಗ, ಎಲ್ಲ ಕಾಣುತ್ತಿತ್ತು. ಒಬ್ಬ ಸೈಕಲ್ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದ.

ಜಯಾ ಪೆಟ್ಟಿಗೆಯಿಂದ ಒಂದು ಸೀರೆ ತಂದಳು. ಯಾರೋ ಫಾಲ್ ಹಚ್ಚಲು ಕೊಟ್ಟದ್ದಲ್ಲ, ಅವಳದೇ. ಉಳಿದ ತೊಲೆಯಿಂದ ಬಾಗಿಲ ಚೌಕಟ್ಟಿನವರೆಗೆ ಅದನ್ನು ಅಡ್ಡ ಕಟ್ಟಲು ನೋಡಿದಳು. ಒಂದು ತುದಿ ಗಾಳಿಗೆ ಹಾರಿ ಹಾರಿ ಹೋಗುತ್ತಿತ್ತು. ದುರ್ಗಾ ಮಣ್ಣಿನ ರಾಶಿ ಹತ್ತಿ ಹೋಗಿ ಆ ತುದಿಯನ್ನು ಹಿಡಿದಳು.

ಜಯಾ ಅವಳನ್ನು ನೋಡಿದಳು. ಅಳು ಇರಲಿಲ್ಲ. ಸಿಟ್ಟೂ ಇದ್ದಂತಿರಲಿಲ್ಲ.

"ಹಚ್ಚಿಸಿಕೋ ಅಂದ್ರಿ ಅಕ್ಕಾ, ಹಚ್ಚಿಸಿಕೊಂಡ್ವಿ. ಕೀಳು ಅಂದ್ರಿ, ಕಿತ್ತಿವಿ. ಇನ್ನ ಏನ ಮಾಡ್ಲಿ, ಅದನ್ನೂ ಹೇಳಿಬಿಡ್ರಿ."

ಜಯಾ ಸ್ವಲ್ಪ ಹೊತ್ತು ಕಾದಳು, ನಿಜವಾಗಿಯೂ ಉತ್ತರಕ್ಕೆ ಕಾಯುವವಳಂತೆ. ಆಮೇಲೆ ಸೀರೆಯ ತುದಿಯನ್ನು ದುರ್ಗಾಳ ಬೆರಳುಗಳಿಂದ ಬಿಡಿಸಿಕೊಂಡಳು. ಜಗ್ಗಲಿಲ್ಲ, ಒಂದೊಂದೇ ಬೆರಳು ಎತ್ತಿ ಬಿಡಿಸಿಕೊಂಡಳು. ತಾನೇ ಚೌಕಟ್ಟಿನ ಮೊಳೆಗೆ ಬಿಗಿದು ಒಳಗೆ ಹೋದಳು.

ಮಳೆ ಮತ್ತೆ ಹಿಡಿಯಿತು. ಸೀರೆ ತೊಯ್ದು ತೆಳುವಾಗುತ್ತ ಬಂದಂತೆ ಅದರ ಹಿಂದೆ ಜಯಾ ಕಾಣತೊಡಗಿದಳು, ಬಗ್ಗಿ ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಸೆರಗಿನಿಂದ ಒರೆಸಿ, ನೆಲದ ಮೇಲೆ ಒಣಗಿದ ಜಾಗ ಹುಡುಕಿ ಹುಡುಕಿ ಇಡುತ್ತಿದ್ದಳು.